ಒಡೆದ ಬಳೆಯ ಕಲ್ಲು

ಬೆಳಗಾದರೆ ಜೊಹರಾ ಬುಟ್ಟಿ ಹಿಡಿದು ಬನವಾಸಿಯ ಹಿತ್ತಿಲುಗಳನ್ನು ಸುತ್ತುತ್ತಿದ್ದಳು. ಒಡೆದ ಸೀಸೆ, ಲಾಟೀನಿನ ಗಾಜು, ಬಳೆಚೂರು, ಯಾರಿಗೂ ಬೇಡವಾದದ್ದೆಲ್ಲ ಅವಳಿಗೆ ಬೇಕು. ಗಂಡ ಅಬ್ದುಲ್ ರಜಾಕ್ ಅದನ್ನು ಭಟ್ಟಿಯಲ್ಲಿ ಕರಗಿಸಿ ಬಳೆ ಮಾಡುತ್ತಿದ್ದ. ಶಿರಸಿಯ ಅಂಗಡಿಗಳಿಗೆ ಜಪಾನಿನ ಬಳೆ ಬಂದಿಳಿದ ಮೇಲೆ ಅವನ ದಪ್ಪ ಬಳೆಗಳನ್ನು ಕೇಳುವವರೇ ಇಲ್ಲವಾದರು.

ಆ ಶ್ರಾವಣದ ಹೊತ್ತಿಗೆ ಮನೆಯಲ್ಲಿ ಅಕ್ಕಿ ತೀರಿತ್ತು, ಸೌದೆ ಒಂದೇ ಹೊರೆ ಉಳಿದಿತ್ತು. ರಜಾಕ್ ನೆಲಕ್ಕೆ ಬಿದ್ದ ಗಾಜಿನ ಪುಡಿಯನ್ನೂ ಬಿಡದೆ ಗುಡಿಸಿ ಗಾಜು ಕರಗಿಸುವ ಮೂಸೆಗೆ ತುಂಬಿದ. ಅದರ ಜೊತೆ ಇದ್ದಿಲ ಧೂಳೂ ಹೋಯಿತು. ಕಸ ಆರಿಸುವ ತಾಳ್ಮೆ ಹೊಟ್ಟೆ ತುಂಬಿದವರಿಗೆ. ಸೌದೆ ಸಾಲದೆ ಬೆಂಕಿ ಅರ್ಧಕ್ಕೇ ಕುಗ್ಗಿತು. ಭಟ್ಟಿ ತಣಿದ ಮೇಲೆ ಮೂಸೆ ಒಡೆದು ನೋಡಿದರೆ ಗಾಜು ಕರಗಿ ನೀರಾಗಿರಲಿಲ್ಲ. ಹುಳಿ ಬಂದ ಹಿಟ್ಟಿನಂತೆ ಉಬ್ಬಿ, ಮೈತುಂಬ ತೂತಾಗಿ, ಕರ್ರಗೆ ಕೂತಿತ್ತು.

"ಹಾಳಾತು, ಎಲ್ಲಾ ಹಾಳಾತು," ಎಂದು ರಜಾಕ್ ತಲೆ ಹಿಡಿದುಕೊಂಡ. ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ಅವನಿಗೆ ಸಿಟ್ಟಾಗುವ ಶಕ್ತಿಯೂ ಉಳಿದಿರಲಿಲ್ಲ. ಜೊಹರಾಳಿಗೆ ಉಳಿದಿತ್ತು. ಒಂದು ತುಂಡೆತ್ತಿ ನೀರಿನ ಬಾನಿಗೆ ಎಸೆದಳು. ಅದು ಮುಳುಗದೆ ತೇಲಿತು. ಅಚ್ಚರಿಯಿಂದ ಹೆಕ್ಕಿಕೊಂಡು ತನ್ನ ಬಿರುಕು ಬಿಟ್ಟ ಹಿಮ್ಮಡಿಗೆ ಉಜ್ಜಿ ನೋಡಿದಳು. ಕೊಳೆತ ಮೊಟ್ಟೆಯ ನಾತ ಬಂತು, ಆದರೆ ಒರಟು ಚರ್ಮವೆಲ್ಲ ಉದುರಿ ಹೋಯಿತು.

ಮರುದಿನ ಆ ತುಂಡುಗಳನ್ನು ವರದಾ ಹೊಳೆಯ ಮೆಟ್ಟಿಲಿಗೆ ಒಯ್ದಳು. ಮೊದಲು ಕೊಂಡವಳು ಕಿರಾಣಿ ವ್ಯಾಪಾರಿ ಚಂದ್ರಶೇಖರಪ್ಪನ ಹೆಂಡತಿ ಕಲ್ಲವ್ವ.

"ನಾತ ಹೊಡಿತೈತಲ್ಲೇ!"

"ಮೂಗು ಮುಚ್ಕೊಂಡು ತಿಕ್ಕೊಳ್ರಿ ಅವ್ವಾರ. ಹಿಮ್ಮಡಿ ಬೆಣ್ಣಿ ಆಕ್ಕಾವ."

ಕಲ್ಲವ್ವ ಕೊಂಡಳೆಂದರೆ ಉಳಿದವರು ಸುಮ್ಮನಿರುತ್ತಾರೆಯೇ? ಸೆರಗಿನಲ್ಲಿ ಅಕ್ಕಿ ಕಟ್ಟಿಕೊಂಡು ಬಂದರು. ರಜಾಕ್ ಈಗ ಬೇಕೆಂದೇ ಇದ್ದಿಲಪುಡಿ ಬೆರೆಸಿ ಸಣ್ಣ ಬೆಂಕಿಯಲ್ಲಿ ಗಾಜನ್ನು ಉಬ್ಬಿಸತೊಡಗಿದ.

ಅಷ್ಟರಲ್ಲಿ ಚಂದ್ರಶೇಖರಪ್ಪ ಜ್ವರದಿಂದ ಹಾಸಿಗೆ ಹಿಡಿದ. ಕಲ್ಲವ್ವನ ನೆರೆಮನೆಯ ಶಾರದವ್ವ ಕಾರಣ ಹುಡುಕಿಯೇಬಿಟ್ಟಳು. ಜೊಹರಾ ಆರಿಸುವ ಚೂರುಗಳಲ್ಲಿ ಗಂಡ ಸತ್ತವರ ಬಳೆಯೂ ಇರುತ್ತದಲ್ಲ, ಅಂಥದ್ದನ್ನು ಮುತ್ತೈದೆ ಮೈಗೆ ಸೋಕಿಸಿಕೊಂಡರೆ ಗಂಡ ಉಳಿಯುತ್ತಾನೆಯೇ? ಸಂಜೆಯೊಳಗೆ ಕೇರಿಯ ಹೆಂಗಸರೆಲ್ಲ ಕಲ್ಲುಗಳನ್ನು ಹೊಳೆಗೆಸೆದರು. ಅವು ಮುಳುಗದೆ ತೇಲಿಹೋಗುವುದನ್ನು ಕಂಡು ಇನ್ನಷ್ಟು ಹೆದರಿದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಜೊಹರಾಳ ಮನೆಯವರು ಕೆಸವಿನ ಸೊಪ್ಪು ಬೇಯಿಸಿಕೊಂಡು ದಿನ ದೂಡಿದರು. ಪುಟ್ಟ ಮಗಳು ಮುಮ್ತಾಜ್ ಊಟ ಕೇಳುವುದನ್ನೇ ಬಿಟ್ಟಳು. ಅದು ಜೊಹರಾಳನ್ನು ಅಳುವಿಗಿಂತ ಹೆಚ್ಚು ಹೆದರಿಸಿತು.

"ಬರೇ ಸೀಸೆ ಗಾಜು ಅಂದುಬಿಡು. ಆಣೆ ಕೇಳಿದ್ರೂ ಮಾಡು," ಎಂದ ರಜಾಕ್.

"ಸುಳ್ಳು ಆಣೀನಾ?"

"ಮಗಳ ಮುಖ ನೋಡಿ ಹೇಳು, ಬ್ಯಾಡ ಅಂತ."

ಅವಳು ನೋಡಲಿಲ್ಲ. ಬುಟ್ಟಿ ಎತ್ತಿಕೊಂಡು ಹೊಳೆಗೆ ಹೋದಳು.

ಮೇಲಿನ ಮೆಟ್ಟಿಲಲ್ಲಿ ಕಲ್ಲವ್ವ, ಶಾರದವ್ವ ಮತ್ತಿತರರು ಬಟ್ಟೆ ಒಗೆಯುತ್ತಿದ್ದರು. ಎಲ್ಲರಿಗಿಂತ ಕೆಳಗೆ, ನೀರು ಹರಿದುಹೋಗುವ ಕಡೆಯ ಕೆಸರಿನಲ್ಲಿ, ಕಲ್ಲವ್ವನ ಮಗಳು ಪಾರ್ವತವ್ವ ಒಬ್ಬಳೇ ಕೂತಿದ್ದಳು. ಕಳೆದ ವರ್ಷ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅವಳ ಮೈ ಸೋಕಿದ ನೀರು ತಮ್ಮತ್ತ ಬರಬಾರದೆಂದು ಹೆಂಗಸರೇ ಅವಳಿಗೆ ಆ ಜಾಗ ಗೊತ್ತು ಮಾಡಿದ್ದರು. ಕಲ್ಲವ್ವ ಬೇಡವೆಂದಿರಲಿಲ್ಲ.

"ಖರೆ ಹೇಳು ಜೊಹರಾ, ಇದರಾಗ ಅಂಥಾ ಬಳಿ ಐತೋ ಇಲ್ಲೋ?" ಕಲ್ಲವ್ವನ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು.

"ಇಲ್ರಿ ಅವ್ವಾರ, ಬರೇ ಸೀಸೆ..." ಎಂದಳು ಜೊಹರಾ ಬುಟ್ಟಿಯತ್ತ ನೋಡುತ್ತ.

"ಯಾಕ ಸುಳ್ಳು ಹೇಳ್ತಿ?" ಕೆಳಗಿನಿಂದ ಪಾರ್ವತವ್ವ ಎದ್ದು ನಿಂತಳು. "ಐತವ್ವ. ನನ್ನ ಬಳಿಚೂರು ನಾನ ಆಕೀ ಬುಟ್ಟಿಗೆ ಹಾಕೀನಿ. ತಿಪ್ಪಿಗೆ ಚೆಲ್ಲಾಕ ಮನಸ್ಸಾಗ್ಲಿಲ್ಲ."

ಶಾರದವ್ವ ಎದೆ ಬಡಿದುಕೊಂಡಳು. "ನಿನ್ನ ಗಂಡನ್ನ ನುಂಗಿದ್ದು ಸಾಲ್ದು ಅಂತ ಅಪ್ಪನ ಜೀವಕ್ಕೂ ಮೂಲ ಆದ್ಯಾ?"

"ಅವರನ್ನ ನುಂಗಿದ್ದು ಚಳಿಜ್ವರ, ಚಿಗವ್ವ. ಬಳಿ ಒಡೆದದ್ದು ಅವರು ಹೋದ ಮ್ಯಾಲ. ಒಡೆದವರು ನೀವು." ಪಾರ್ವತವ್ವ ತಾಯಿಯ ಕಡೆ ತಿರುಗಿದಳು. "ಅವ್ವ, ನೀನೂ ಹಂಗ ತಿಳಿದಿಯೇನು?"

ಮನೆಯಲ್ಲಿ ಮೈ ಸುಡುತ್ತ ಮಲಗಿದ್ದ ಗಂಡ. ಎದುರಿಗೆ ಹೆತ್ತ ಮಗಳು. ಕಲ್ಲವ್ವನಿಗೆ ನಿಜವಾಗಿಯೂ ಭಯವಾಗುತ್ತಿತ್ತು. ಆದರೂ ಜೊಹರಾಳ ಬುಟ್ಟಿಯಿಂದ ಒಂದು ಕಲ್ಲನ್ನು ತೆಗೆದುಕೊಂಡಳು. ಮೆಟ್ಟಿಲಿಳಿದು ಕೆಸರಿನಲ್ಲಿ ಮಗಳ ಪಕ್ಕ ಕೂತಳು. ಕಾಲು ನೀರಿಗಿಳಿಬಿಟ್ಟು, ಹಿಮ್ಮಡಿಗೆ ಕಲ್ಲು ಹಚ್ಚಿ ಉಜ್ಜತೊಡಗಿದಳು.

"ಹುಚ್ಚು ಹಿಡಿದೈತಿ ಇವಳಿಗೆ!" ಶಾರದವ್ವ ಕೊಡ ಎತ್ತಿಕೊಂಡು ಹೊರಟಳು. ಅವಳ ಹಿಂದೆ ಉಳಿದವರೂ ಹೋದರು. ಯಾರೂ ಕಲ್ಲು ಕೊಳ್ಳಲಿಲ್ಲ. ಜೊಹರಾ ತುಂಬಿದ ಬುಟ್ಟಿಯನ್ನು ಎತ್ತಿಕೊಳ್ಳಲು ಹೋದಳು.

"ಎತ್ತಬ್ಯಾಡ, ಕೂಡು," ಎಂದಳು ಕಲ್ಲವ್ವ ತಲೆ ಎತ್ತದೆ. "ಮನಿಗೆ ಬಂದು ಅಕ್ಕಿ ಒಯ್ಯುವಿಯಂತ."

"ಸಾಕವ್ವ, ರಕ್ತ ಬರ್ತದ," ಎಂದಳು ಪಾರ್ವತವ್ವ.

ಕಲ್ಲವ್ವ ಮಗಳ ಕಾಲನ್ನೆತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು.