ಒರೆಸದ ಗಂಧ

ಸೈಕಲನ್ನು ತಲೆಕೆಳಗಾಗಿ ನಿಲ್ಲಿಸಿ, ಮೊಬೈಲಿನ ಟಾರ್ಚು ಹಿಡಿದು ಬಗ್ಗಿದ್ದ ಪ್ರಶಾಂತನಿಗೆ ಆ ಗೆರೆ ಕಂಡಾಗ ಮೊದಲು ಆದದ್ದು ಸಂತೋಷ. ಹ್ಯಾಂಡಲಿನ ಕೊಳವೆಗೆ ಕೆಳಗಿನ ದಪ್ಪ ಕೊಳವೆ ಬಂದು ಕೂಡುವ ಬೆಸುಗೆಯ ಉದ್ದಕ್ಕೂ ಕೂದಲೆಳೆಯಂಥ ಕಪ್ಪು ಗೆರೆ. ಟೈಟಾನಿಯಂ ಫ್ರೇಮು ಒಡೆಯುವುದಿದ್ದರೆ ಅಲ್ಲೇ ಒಡೆಯುವುದು ಎಂದು ಅವನು ಓದಿದ್ದ. ಓದಿದ್ದೇನು, ಈಚೆಗೆ ಅದನ್ನೇ ಹುಡುಕಿ ಹುಡುಕಿ ಓದುತ್ತಿದ್ದ.

"ಅನೂ, ಇಲ್ಲಿ ಬಾ. ಫ್ರೇಮ್ ಹೋಯ್ತು" ಎಂದು ಮುಂಬಯಿ ದಹಿಸರಿನ ಆ ಇಕ್ಕಟ್ಟು ಬಾಲ್ಕನಿಯಿಂದ ಕೂಗಿದ ದನಿಯಲ್ಲಿ ದುಃಖದ ಸುಳಿವೂ ಇರಲಿಲ್ಲ.

ಅನುರಾಧಾ ಲಟ್ಟಣಿಗೆ ಹಿಡಿದುಕೊಂಡೇ ಬಂದು ಇಣುಕಿದಳು. "ಕೊಳೆಯಾ ಎಂಥದು ಅದು? ಒರೆಸಿ ನೋಡಿ ಮಾರಾಯ್ರೆ."

"ಒರೆಸ್ಲಿಕ್ಕೆ ಆಗ್ತದಾ? ನಿನ್ನ ಅಣ್ಣ ಗಂಧ ಹಚ್ಚಿದ ಜಾಗ ಅದು."

ಅದೇನೋ ನಿಜವೇ. ಫೋರ್ಟ್ ಪ್ರದೇಶದ ಅವರ ಹೋಟೆಲಿನಲ್ಲಿ ಪ್ರತಿ ಆಯುಧಪೂಜೆಗೂ ಗ್ರೈಂಡರು, ದೋಸೆಕಲ್ಲು, ತಕ್ಕಡಿಗಳ ಸಾಲಿನ ಕೊನೆಯಲ್ಲಿ ಈ ಸೈಕಲಿಗೂ ಪೂಜೆ ಆಗುತ್ತಿತ್ತು. ಅನುರಾಧಾಳ ಅಣ್ಣ ಸದಾನಂದ ತಾನೇ ತೇಯ್ದ ಗಂಧವನ್ನು ಆ ಸಂದಿಗೆ ಹಚ್ಚಿ ಮೇಲೊಂದು ಕುಂಕುಮದ ಬೊಟ್ಟು ಇಡುತ್ತಿದ್ದ. ಪೂಜೆಯ ಗಂಧ ತಾನಾಗಿ ಹೋಗಬೇಕು, ಯಾರೂ ಒರೆಸಬಾರದು ಎಂಬುದು ಅವನ ಕಟ್ಟುನಿಟ್ಟು. ಸೋಮವಾರ ಮೀನು ತಿನ್ನಬಾರದು ಎಂಬ ಭಾವನ ಇನ್ನೊಂದು ಕಟ್ಟುನಿಟ್ಟನ್ನು ಪ್ರಶಾಂತ ವಾರ ಬಿಡದೆ ಮುರಿಯುತ್ತಿದ್ದ. ಗಂಧದ್ದು ಮಾತ್ರ ಅವತ್ತು ಅವನಿಗೆ ಬಲು ಪವಿತ್ರವಾಗಿ ಕಂಡಿತು. ಒರೆಸದೆ ಹಾಗೆಯೇ ಒಂದು ಫೋಟೋ ಹೊಡೆದು, ಭಾನುವಾರಗಳಲ್ಲಿ ಜೊತೆಗೆ ಸವಾರಿ ಹೋಗುವ ಹಿತೇಶನಿಗೆ ಕಳಿಸಿದ. "ಕ್ರ್ಯಾಕೇ ಅದು. ಕಾರ್ಬನ್ ತಗೊಳ್ಳಿ, ಬಾಸ್" ಎಂದು ಉತ್ತರ ಬಂತು. ಇನ್ನೇನು ಬೇಕು?

ಆ ಕಾರ್ಬನ್ ಫ್ರೇಮಿನ ಮೇಲೆ ಅವನ ಕಣ್ಣು ಬಿದ್ದು ಬಹಳ ಕಾಲವಾಗಿತ್ತು. ಕಪ್ಪು ಬಣ್ಣ, ಡಿಸ್ಕ್ ಬ್ರೇಕು, ಮುಂಬಯಿಯ ಹೊಂಡಗಳನ್ನು ನುಂಗಿಕೊಳ್ಳುವಂಥ ಅಗಲ ಟೈರು ಹಿಡಿಸುವಷ್ಟು ಜಾಗ. ಹಳೆಯದರಲ್ಲಿ ಇದು ಯಾವುದೂ ಕೂರುವುದಿಲ್ಲ. ಘೋಡ್‌ಬಂದರ್ ಏರಿನಲ್ಲಿ ಹಿತೇಶ್ ಫೋನಿನಲ್ಲಿ ಮಾತಾಡುತ್ತಲೇ ಅವನನ್ನು ಹಿಂದೆ ಹಾಕಿ ಹೋಗುತ್ತಿದ್ದ. ಐವತ್ತು ದಾಟಿದ ತನ್ನ ಮೊಣಕಾಲಿನ ಮೇಲೆ ಹೊರಿಸಬೇಕಾದ ತಪ್ಪನ್ನು ಪ್ರಶಾಂತ ಪಾಪದ ಫ್ರೇಮಿನ ಮೇಲೆ ಹೊರಿಸಿಬಿಟ್ಟಿದ್ದ.

ಆದರೆ ಕಾರಣವಿಲ್ಲದೆ ಅದನ್ನು ಬದಲಾಯಿಸುವ ಧೈರ್ಯ ಇರಲಿಲ್ಲ. ಅದು ಸದಾನಂದನ ಸೈಕಲು. ದಿನವೂ ಹೋಟೆಲಿಗೆ ಬಂದು ನೀರುದೋಸೆ ತಿನ್ನುತ್ತಿದ್ದ ವಿದೇಶಿ ಬ್ಯಾಂಕಿನ ಸಾಹೇಬನೊಬ್ಬ ದೇಶ ಬಿಡುವಾಗ ಅದನ್ನು ಅವನ ಕೈಗಿಟ್ಟು ಹೋಗಿದ್ದ. "ಇದಕ್ಕೆ ಸಮುದ್ರದ ಗಾಳಿ ತಾಗುವುದಿಲ್ಲ, ತುಕ್ಕು ಅಂದ್ರೆ ಎಂಥ ಅಂತಲೇ ಗೊತ್ತಿಲ್ಲ ಇದಕ್ಕೆ" ಎಂದು ಸದಾನಂದ ಗಿರಾಕಿಗಳಿಗೆಲ್ಲ ಹೇಳಿಕೊಂಡು ತಿರುಗಿದ್ದ. ಕಾಂದಿವಲಿಯ ಮನೆಯಿಂದ ಫೋರ್ಟಿಗೆ ಬೆಳಗಿನ ಲೋಕಲ್ ಬಿಟ್ಟು ಅದರಲ್ಲೇ ಬರುತ್ತಿದ್ದ. ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಸೋತ ಮೇಲೆ ತಂಗಿಯ ಗಂಡನನ್ನು ಕರೆದು ಹೋಟೆಲಿನ ಗಲ್ಲಾದ ಕೀಲಿಕೈಯನ್ನೂ ಸೈಕಲನ್ನೂ ಒಟ್ಟಿಗೇ ಕೊಟ್ಟ. ಗಲ್ಲಾದ ವಿಷಯ ಅವನು ಆಮೇಲೆ ಒಂದು ದಿನವೂ ಕೇಳಲಿಲ್ಲ. ಸೈಕಲಿನದನ್ನು ಕೇಳದ ಭಾನುವಾರವಿಲ್ಲ. ಸವಾರಿ ಮುಗಿಸಿ ಬರುವಾಗ ಪ್ರಶಾಂತ ಕಾಂದಿವಲಿಯಲ್ಲಿ ಇಳಿಯಬೇಕು, ಎಲ್ಲಿಯವರೆಗೆ ಹೋದೆ, ಗಾಳಿ ಎದುರಿತ್ತಾ, ಏರಿನಲ್ಲಿ ಯಾವ ಗೇರು ಹಾಕಿದೆ ಎಂದು ಒಪ್ಪಿಸಬೇಕು. ಕೇಳುತ್ತ ಕೇಳುತ್ತ ಸದಾನಂದನ ಬಲಗಾಲು ಕುರ್ಚಿಯ ಕೆಳಗೆ ತಾನಾಗಿ ತಿರುಗುತ್ತಿತ್ತು.

ಈ ಭಾನುವಾರ ಪ್ರಶಾಂತ ರಿಕ್ಷಾದಲ್ಲಿ ಹೋದ.

"ಭಾವ, ಒಂದು ಬೇಜಾರಿನ ಸುದ್ದಿ. ಫ್ರೇಮ್ ಒಡೆದಿದೆ."

ಸೈಕಲಿನ ಬಗ್ಗೆ ಕೇಳುತ್ತಾನೆ, ಮುಖ ಸಣ್ಣ ಮಾಡುತ್ತಾನೆ, ವೆಲ್ಡಿಂಗ್ ಮಾಡಿಸು ಎನ್ನುತ್ತಾನೆ ಎಂದೆಲ್ಲ ಲೆಕ್ಕ ಹಾಕಿ ಪ್ರಶಾಂತ ಉತ್ತರ ಸಿದ್ಧ ಮಾಡಿಕೊಂಡೇ ಬಂದಿದ್ದ. ಸದಾನಂದ ಅದೊಂದನ್ನೂ ಕೇಳಲಿಲ್ಲ.

"ನೀನು ಬೀಳ್ಲಿಲ್ಲಲ್ಲ?"

"ಇಲ್ಲ ಭಾವ."

"ಘೋಡ್‌ಬಂದರ್ ಇಳಿಯುವಾಗ ತುಂಡಾಗಿದ್ರೆ? ಹಿಂದೆ ಟ್ರಕ್ಕು ಇರ್ತದೆ ಅಲ್ಲಿ." ಅವನ ಬಲಗೈ ಸೋತ ಎಡಗೈಯನ್ನು ಹಿಡಿದುಕೊಂಡಿತು. "ಅದನ್ನು ಬಿಡಬೇಡ, ಬಿಡಬೇಡ ಅಂತ ಹೇಳ್ತಾ ಇದ್ದದ್ದು ನಾನೇ ಅಲ್ವಾ? ನಿನಗೆ ಏನಾದ್ರೂ ಆಗಿದ್ರೆ ಅನುಗೆ ನಾನು ಯಾವ ಮುಖ ತೋರಿಸ್ಲಿ, ಪ್ರಶಾಂತ?"

ಆಗಲೇ ಹೇಳಬಹುದಿತ್ತು. ಒಂದು ಗೆರೆ ಅಷ್ಟೇ ಭಾವ, ನಾನಿನ್ನೂ ಒರೆಸಿ ನೋಡಿಲ್ಲ ಎನ್ನಬಹುದಿತ್ತು. ಪ್ರಶಾಂತ ಚಹಾ ಕುಡಿದ.

"ಹೊಸತು ತಗೋ. ತಡ ಮಾಡಬೇಡ" ಎಂದ ಸದಾನಂದ. "ಹಳೆಯದನ್ನು ಪೂಜೆಗೆ ಒಮ್ಮೆ ಹೋಟೆಲಿಗೆ ತಾ, ಅಷ್ಟು ಸಾಕು. ಟೆಂಪೋದಲ್ಲಿ ಹಾಕಿ ತಾ. ಅದರ ಮೇಲೆ ಕೂರ್ಲಿಕ್ಕಿಲ್ಲ, ನನ್ನಾಣೆ."

ಅದೇ ದಿನ ಸಂಜೆ ಪ್ರಶಾಂತ ಅಂಗಡಿಗೆ ಹೋಗಿ ಕಾರ್ಬನ್ ಫ್ರೇಮಿಗೆ ಹೇಳಿ ಬಂದ. ವಿಜಯದಶಮಿಗೆ ಕೊಡುತ್ತೇವೆ, ಒಳ್ಳೆಯ ದಿನ ಎಂದರು.

ಆಯುಧಪೂಜೆಯ ಬೆಳಿಗ್ಗೆ ಹೋಟೆಲಿನ ಶಟರು ಅರ್ಧಕ್ಕೆ ಇಳಿದಿತ್ತು. ಹಿಂದಿನ ಮೋರಿಯ ಹತ್ತಿರ ಎಲ್ಲದಕ್ಕೂ ಸ್ನಾನ. ತರಕಾರಿ ಟೆಂಪೋದಲ್ಲಿ ಬಂದ ಸೈಕಲಿಗೆ ಪ್ರಶಾಂತನೇ ನೀರು ಹೊಯ್ದ. ಇವತ್ತೊಂದು ದಿನ ಹಳೆಯ ಗಂಧ ತೆಗೆಯಲು ಅಡ್ಡಿಯಿಲ್ಲ, ಹೊಸದಕ್ಕೆ ಜಾಗ ಬೇಕಲ್ಲ. ಒದ್ದೆ ಬಟ್ಟೆ ತಾಗಿದ್ದೇ ತಡ, ಅರ್ಧ ಗೆರೆ ಬಟ್ಟೆಗೆ ಬಂತು. ಉಗುರಿನಿಂದ ಕೆರೆದಾಗ ಉಳಿದರ್ಧವೂ ಬಂತು. ಹೋದ ವರ್ಷದ ಗಂಧ ಬೆಸುಗೆಯ ಸಂದಿಗೆ ಇಳಿದು, ರಸ್ತೆಯ ಧೂಳು, ಎಣ್ಣೆ ಕುಡಿದು ಕಪ್ಪಾಗಿ ಕೂತಿತ್ತು, ಅಷ್ಟೇ. ಅವನು ಟಾರ್ಚು ಹಾಕಿ ನೋಡಿದ. ಒಂದು ಸಣ್ಣ ಬಿರುಕಾದರೂ ಇರಲಿ ದೇವರೇ ಎಂದು ಬೇಡಿಕೊಂಡ. ಹಬ್ಬದ ದಿನ ದೇವರ ಹತ್ತಿರ ಬೇಡುವ ವರವೇ ಇದು! ಬೆಸುಗೆ ತೊಳೆದ ಬೆಳ್ಳಿಲೋಟದಂತೆ ಹೊಳೆಯುತ್ತಿತ್ತು. ಅವನಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು.

ಚೆಂಡುಹೂವಿನ ಮಾಲೆ ತಂದ ಅನುರಾಧಾ ಬಟ್ಟೆಯನ್ನೂ ಬೆಸುಗೆಯನ್ನೂ ನೋಡಿದಳು.

"ಅತ್ತಿಗೆ ಫೋನ್ ಮಾಡಿದ್ರು. ಅಣ್ಣ ಅವತ್ತಿಂದ ಸರಿಯಾಗಿ ಊಟವೇ ಮಾಡ್ತಾ ಇಲ್ಲಂತೆ. ಪ್ರಶಾಂತ ಬಿದ್ದಿದ್ರೆ, ಪ್ರಶಾಂತ ಬಿದ್ದಿದ್ರೆ ಅಂತ ಒಂದೇ ಮಾತಂತೆ." ಮಾಲೆಯನ್ನು ಅವನ ಕೈಗೆ ಕೊಟ್ಟಳು. "ನೀವು ಹೇಳ್ತೀರಾ, ನಾನು ಹೇಳ್ಬೇಕಾ?"

"ನಾನೇ ಹೇಳ್ತೇನೆ."

ಹೇಳುತ್ತೇನೆ ಎಂದವನು ಮಾಲೆಯನ್ನು ಎರಡು ಸುತ್ತು ಸುತ್ತಿ, ಸರಿಯಾಗಿ ಆ ಸಂದಿಯೇ ಮುಚ್ಚುವಂತೆ ಕಟ್ಟಿದ. ಭಾವನಿಗೆ ಈಗ ಕಣ್ಣು ಮಂಜು. ಹೂವಿನ ಅಡಿಯಲ್ಲಿ ಏನಿದೆ ಎಂದು ಯಾರು ನೋಡುತ್ತಾರೆ? ನಾಳೆ ಹೇಗೂ ಹೊಸದು ಬರುತ್ತದೆ. ಪೂಜೆ ಮುಗಿಯಲಿ, ಆಮೇಲೆ ಸಮಾಧಾನದಲ್ಲಿ ಹೇಳಿದರಾಯಿತು.

ಟ್ಯಾಕ್ಸಿಯಲ್ಲಿ ಸದಾನಂದನನ್ನು ಕರೆತಂದದ್ದು ಪ್ರಶಾಂತನ ಮಗಳು ಶ್ರಾವ್ಯಾ. "ಮಾಮಾ, ಧೀರೆ ಧೀರೆ. ಯಹಾಂ ಸ್ಟೆಪ್ ಉಂಟು" ಎನ್ನುತ್ತ ಶಟರಿನ ಕೆಳಗೆ ಅವನನ್ನು ಬಗ್ಗಿಸಿ ಒಳಗೆ ತಂದಳು. ಗ್ರೈಂಡರಿಗೂ ದೋಸೆಕಲ್ಲಿಗೂ ಆರತಿ ಎತ್ತಿ ಆಯಿತು. ಸದಾನಂದ ಸೈಕಲಿನ ಪಕ್ಕಕ್ಕೆ ಕುರ್ಚಿ ಹಾಕಿಸಿಕೊಂಡು ಕೂತ. ಗಂಧದ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಬಲಗೈಯಿಂದ ಮೆಲ್ಲಗೆ ಮಾಲೆಯನ್ನು ಸರಿಸಿದ.

"ಎಲ್ಲಿ ಒಡೆದದ್ದು? ಒಮ್ಮೆ ತೋರಿಸು. ಇಷ್ಟು ವರ್ಷ ಹೊತ್ತುಕೊಂಡು ಹೋದದ್ದಲ್ಲ ನಮ್ಮನ್ನು."

ಬೇರೆ ಎಲ್ಲಾದರೂ ತೋರಿಸಬಹುದಿತ್ತು, ಗೀರುಗಳಿಗೆ ಬರವಿರಲಿಲ್ಲ. ಪ್ರಶಾಂತ ಭಾವನ ಕೈ ಹಿಡಿದು, ತೋರುಬೆರಳನ್ನು ಆ ಬೆಸುಗೆಯ ಮೇಲೆ ಇಟ್ಟ. ಜೀವಮಾನವಿಡೀ ದೋಸೆಹಿಟ್ಟಿನ ನುಣುಪು ನೋಡಿದ ಬೆರಳು ಅದು. ಸಂದಿಯ ಸುತ್ತ ಒಂದು ಸಲ ಹೋಯಿತು, ನಿಂತಿತು, ಮತ್ತೆ ವಾಪಸು ಬಂತು.

"ಗಂಧ ಒಣಗಿ ಗೆರೆ ಕೂತಿತ್ತು, ಭಾವ" ಎಂದ ಪ್ರಶಾಂತ ನೆಲ ನೋಡುತ್ತ. "ನಾನು ಒರೆಸಿ ನೋಡ್ಲಿಲ್ಲ. ಬೇಕಂತಲೇ ನೋಡ್ಲಿಲ್ಲ."

"ಒಡೆದೇ ಇಲ್ವಾ?"

"ಇಲ್ಲ."

ಸದಾನಂದ ಉದ್ದಕ್ಕೆ ಉಸಿರು ಬಿಟ್ಟ. "ಸದ್ಯ, ಹಾಗಾದ್ರೆ ನೀನು ಬೀಳ್ತಿರ್ಲಿಲ್ಲ" ಎಂದ. ಮುಖದಲ್ಲಿ ನಿಜವಾಗಿಯೂ ಹಗುರವಾದ ನಗು. ಬೈದಿದ್ದರೆ ಪ್ರಶಾಂತ ಹೇಗಾದರೂ ತಡೆದುಕೊಳ್ಳುತ್ತಿದ್ದ.

ಮತ್ತೊಂದು ಗಳಿಗೆಯಾದ ಮೇಲೆ ಆ ನಗು ತಾನಾಗಿ ಇಳಿಯಿತು. ಸದಾನಂದ ಸೈಕಲನ್ನೊಮ್ಮೆ, ಪ್ರಶಾಂತನನ್ನೊಮ್ಮೆ ನೋಡಿದ.

"ಹೊಸತು ಯಾವಾಗ ಬರ್ತದೆ?"

"ನಾಳೆ."

"ಕಾಂದಿವಲಿಗೆ ತಾ. ಅದಕ್ಕೂ ನಾನೇ ಹಚ್ಚಿಕೊಡ್ತೇನೆ."

ಬೆರಳನ್ನು ಬಟ್ಟಲಿಗೆ ಅದ್ದಿ, ಯಾವಾಗಿನ ಜಾಗಕ್ಕೇ ಗಂಧ ಹಚ್ಚಿದ. ಈ ಸಲ ಸ್ವಲ್ಪ ದಪ್ಪಕ್ಕೇ ಹಚ್ಚಿದ. ಕುಂಕುಮ ಇಟ್ಟ. ಕೈ ಒರೆಸಿಕೊಳ್ಳಲು ಅನುರಾಧಾ ಕೊಟ್ಟ ಬಟ್ಟೆಯನ್ನು ಪ್ರಶಾಂತನ ಕೈಗೆ ದಾಟಿಸಿ, "ಇನ್ನು ಮೇಲೆ ಒರೆಸು ಮಾರಾಯ. ಅಡ್ಡಿಲ್ಲ" ಎಂದ.

ಶ್ರಾವ್ಯಾ ಅವನನ್ನು ಎಬ್ಬಿಸಿ ಪ್ರಸಾದದ ಎಲೆಗೆ ಕರೆದುಕೊಂಡು ಹೋದಳು. ಯಾರೋ ಫ್ಯಾನು ಹಾಕಿದರು. ಗಾಳಿಗೆ ಗಂಧ ಅಂಚಿನಿಂದ ಒಣಗುತ್ತ ಬಂತು. ಬಟ್ಟೆ ಹಿಡಿದುಕೊಂಡೇ ನಿಂತಿದ್ದ ಪ್ರಶಾಂತನ ಕಣ್ಣೆದುರು ಬೆಸುಗೆಯ ಉದ್ದಕ್ಕೂ ಸಣ್ಣದೊಂದು ಗೆರೆ ಮೆಲ್ಲಗೆ ಬಿಟ್ಟುಕೊಂಡಿತು.