ಭಾನುವಾರದ ದೋಸೆ, ಕಸ್ಬಾದ ಗೋದಾಮು

ಇಡ್ಲಿ ಕಲ್ಲಾಗಿತ್ತು. ಕಲ್ಕತ್ತದ ಬಾಲಿಗಂಜ್ ಸ್ಟೇಷನ್ನಿನ ಪಕ್ಕದಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯ ಕಿಟ್ಟ ಆ ಶನಿವಾರ ಒಂದು ಇಡ್ಲಿ ಮುರಿದು ಮೂಸಿ ನೋಡಿದ. ಮುಗ್ಗಲು ವಾಸನೆ.

“ಅಕ್ಕಿಯೇ ಸರಿ ಇಲ್ಲ ಮಾರಾಯ್ತಿ,” ಎಂದ ಹೆಂಡತಿ ಸುಂದರಿಗೆ. “ಎಂತ ಮಾಡ್ಲಿಕ್ಕೆ ಆಗ್ತದೆ? ನಮ್ಮ ಸಹಕಾರ ಸಂಘದಿಂದ ಬಂದದ್ದು.”

“ಸಂಘ ಅಂದ್ರೆ ಯಾರು? ನಾವಲ್ವಾ? ಕೇಳ್ಲಿಕ್ಕೆ ಬಾಯಿ ಇಲ್ವಾ ನಿಮ್ಗೆ?”

“ಕಾರ್ಯದರ್ಶಿ ರವಿರಾಜ ನಮ್ಮೂರಿನವ. ಅವನತ್ರ ಹೇಗೆ ಕೇಳುವುದು? ಮೊನ್ನೆಯಷ್ಟೇ ಒಂದು ಮಡಕೆ ರಸಗುಲ್ಲ ಕಳಿಸಿದ್ದಾನೆ.”

ದಾಕ್ಷಿಣ್ಯ! ಕಲ್ಕತ್ತದಲ್ಲಿರುವ ನಮ್ಮ ಜನಕ್ಕೆ ಅಂಟಿದ ರೋಗ ಇದು. ಟ್ರಾಮಿನ ಕಂಡಕ್ಟರ್ ಜೊತೆ ಚಿಲ್ಲರೆಗೆ ಜಗಳ ಆಡುತ್ತಾರೆ, ಮೀನಿನ ಮಾರ್ಕೆಟ್ಟಿನ ಗದ್ದಲದ ನಡುವೆ ನಿಂತು ಬದನೆಕಾಯಿಗೆ ಚೌಕಾಸಿ ಮಾಡುತ್ತಾರೆ. ತಮ್ಮವನೇ ಕುತ್ತಿಗೆ ಕೊಯ್ದರೆ ಮಾತ್ರ, “ಇರಲಿ ಬಿಡಿ, ನಮ್ಮವ,” ಎಂದು ಕುತ್ತಿಗೆಯನ್ನು ಇನ್ನಷ್ಟು ಬಗ್ಗಿಸುತ್ತಾರೆ.

ಆ ಸಂಜೆ ಅಣ್ಣಪ್ಪ ಬಂದರು. ಗದಗ ಕಡೆಯವರು, ಹೌರಾ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ನೌಕರಿ. ಹೋಟೆಲಿನವರ ಹಾಗೆ ಅವರೂ ಸಂಘದ ಸದಸ್ಯರು. ಕಾಫಿ ಕೊಟ್ಟರೆ ಕುಡಿಯಲಿಲ್ಲ.

“ನಾಳೆ ಮುಂಜಾನೆ ಒಂಬತ್ತಕ್ಕ ಮಹಾಸಭಾ ಐತಿ. ಬರ್ತೀರೇನು, ಕಿಟ್ಟಣ್ಣಾರ?”

ಕಿಟ್ಟ ನಕ್ಕ. “ಭಾನುವಾರ ಒಂಬತ್ತಕ್ಕೆ? ಆಗ ನನ್ನ ದೋಸೆ ಕಲ್ಲಿನ ಎದುರು ಅರ್ಧ ಬಾಲಿಗಂಜ್ ನಿಂತಿರ್ತದೆ. ರವಿರಾಜನೇ ಹೇಳಿದ್ದಾನೆ, ‘ವ್ಯಾಪಾರ ಬಿಟ್ಟು ಬರುವುದು ಬೇಡ ಕಿಟ್ಟಣ್ಣ, ಎಲ್ಲ ನಾನು ನೋಡಿಕೊಳ್ತೇನೆ’ ಅಂತ.”

“ನೋಡಿಕೊಳ್ತಾನ ಬಿಡ್ರಿ, ಭಾಳ ಛಂದ ನೋಡಿಕೊಳ್ತಾನ! ಕಸ್ಬಾದಾಗಿನ ನಮ್ಮ ಸಂಘದ ಗೋದಾಮು ಬಿಲ್ಡರ್‌ಗೆ ಮಾರೋ ಠರಾವು ನಾಳೆ ಪಾಸ್ ಆಗತೈತಿ. ಗೊತ್ತೈತೇನು?”

ಕಿಟ್ಟನ ನಗು ನಿಂತಿತು. ಸುಂದರಿ ಒಳಗಿನಿಂದ ಸೌಟು ಹಿಡಿದುಕೊಂಡೇ ಬಂದಳು.

“ಸಭೆಗೆ ಜನ ಬೇಡ್ವಾ ಅಣ್ಣಪ್ಪನವರೇ? ಒಬ್ಬನೇ ಕೂತು ಹೇಗೆ ಮಾರ್ತಾನೆ?”

“ಅದ ನೋಡ್ರಿ ಅಕ್ಕಾರ, ಹಿಕಮತ್ತು ಇರೋದು ಅಲ್ಲೇ. ಒಂಬತ್ತಕ್ಕ ಸಭಾ ಕರಿಯೋದು. ನೀವೆಲ್ಲ ದೋಸಿ ಹುಯ್ಕೋತ ಇರ್ತೀರಿ, ಯಾರೂ ಬರಂಗಿಲ್ಲ. ಅರ್ಧ ತಾಸು ಕಾಯೋದು. ಬೇಕಾದಷ್ಟು ಮಂದಿ ಇಲ್ಲ, ಕೋರಂ ಇಲ್ಲ, ಸಭಾ ಮುಂದೂಡೇವಿ ಅಂತ ಬರಿಯೋದು. ಮತ್ತ ಅಲ್ಲೇ, ಅವೇ ಕುರ್ಚಿ ಮ್ಯಾಲೆ ಎರಡನೇ ಸಭಾ ಮಾಡೋದು. ಎರಡನೇ ಸಭಾಕ್ಕ ಕೋರಂ ಬ್ಯಾಡ ಅಂತ ನಮ್ಮ ಸಂಘದ ಬೈಲಾದಾಗ ಐತಿ. ಇದ್ದ ನಾಕು ಮಂದಿ ಕೈ ಎತ್ತಿದರ ಮುಗೀತು.”

ಓದುವವರೇ, ಇದನ್ನು ಇನ್ನೊಮ್ಮೆ ಓದಿ. ಬೀಗ ಒಡೆಯಬೇಕಾಗಿಲ್ಲ, ಸುಳ್ಳು ಸಹಿ ಬೇಕಾಗಿಲ್ಲ. ನೀವು ಮನೆಯಲ್ಲಿದ್ದರೆ ಸಾಕು, ನಿಮ್ಮ ಆಸ್ತಿ ಕಾನೂನುಬದ್ಧವಾಗಿ ಕೈಬಿಟ್ಟು ಹೋಗುತ್ತದೆ.

“ಮಾರಿದ್ರೆ ಮಾರಲಿ,” ಎಂದ ಕಿಟ್ಟ, ಆದರೆ ಸ್ವರ ಸಣ್ಣದಾಗಿತ್ತು. “ಸೆಕ್ಟರ್ ಫೈವ್‌ನಲ್ಲಿ ಕಂಪ್ಯೂಟರ್ ಕಂಪನಿ, ಕಸ್ಬಾದಲ್ಲಿ ಮಾಲ್. ಎಲ್ಲಾ ಕಡೆ ಇದೇ ಅಲ್ವಾ? ಅಕ್ಕಿ ಬಜಾರಿನಲ್ಲಿ ಸಿಕ್ತದೆ.”

ಅಣ್ಣಪ್ಪನವರ ಮುಖ ಕೆಂಪಾಯಿತು.

“ಬಜಾರು! ಬರ್ಧಮಾನ್ ಕಡೆ ರೈತರು ಬಜಾರಿನ ಉಪಕಾರ ಎಷ್ಟು ಉಂಡಾರ ಗೊತ್ತೇನ್ರಿ? ಭತ್ತ ತಂದ್ರ ದಲಾಲಿ ‘ಹಸಿ ಐತಿ’ ಅಂತ ತೂಕದಾಗ ಮುರಕೊಳ್ಳೋದು. ಬಿಸಿಲಾಗ ಒಣಗಿಸಿ ತಂದ್ರೂ ‘ಹಸಿ ಐತಿ’. ಸ್ಯಾಂಪಲ್ ಅಂತ ಚೀಲಕ್ಕೊಂದು ಹಿಡಿ ತಗದು ತನ್ನ ಬುಟ್ಟಿಗೆ ಹಾಕ್ಕೊಳ್ಳೋದು. ಸಂಜಿಕ ಆ ಬುಟ್ಟೀನ ಒಂದು ಮೂಟಿ ಆಗ್ತಿತ್ತು. ಅದಕ್ಕ ಸಿಟ್ಟಿಗೆದ್ದು ಸಂಘ ಕಟ್ಟಿದರು ಅವರು. ತಮ್ಮದ ತಕ್ಕಡಿ ತಂದರು. ತಾವ ಭತ್ತ ಕುದಿಸಿ ಒಣಗಿಸಿ ಅಕ್ಕಿ ಮಾಡಿದರು. ಅದನ್ನ ನೇರ ಕೊಳ್ಳಾಕ ನಾವು ಇಲ್ಲಿ ಸಂಘ ಕಟ್ಟಿದ್ವಿ. ಅವರ ಅಕ್ಕಿ ಇಳೀಲಿ ಅಂತ ಇಬ್ಬರೂ ಕೂಡಿ ಆ ಗೋದಾಮು ಮಾಡಿದ್ವಿ, ಕಾಗದ ಮಾತ್ರ ನಮ್ಮ ಸಂಘದ ಹೆಸರಿಗೆ ಐತಿ. ಆಗ ಕಸ್ಬಾ ಅಂದ್ರ ಕೆರಿ, ಕೆಸರು, ಸೊಳ್ಳಿ. ಯಾವ ಬಿಲ್ಡರ್ ಬಂದಿದ್ದ ಅಲ್ಲಿಗೆ?”

ಒಂದು ಗುಟುಕು ನೀರು ಕುಡಿದು ಮತ್ತೆ ಹೇಳಿದರು. “ನಮ್ಮ ಗದಗ ಹಂತೇಕ ಕಣಗಿನಹಾಳ ಅಂತ ಊರೈತಿ. ನೂರು ವರ್ಷದ ಹಿಂದ, ಬ್ರಿಟಿಷರ ಕಾಲದಾಗ, ಅಲ್ಲಿ ರೈತರು ಸಹಕಾರ ಸಂಘ ಮಾಡಿದರು. ದೇಶದಾಗ ಮೊದಮೊದಲಿನ ಸಂಘ ಅದು. ಓದು ಬರಹ ಬರಲಾರದ ಮಂದೀನೂ ಸಭಾಕ್ಕ ಬರ್ತಿದ್ದರು ಅಂತ ನಮ್ಮಜ್ಜ ಹೇಳ್ತಿದ್ದ. ನಿಮಗ ದೋಸಿ ಅಡ್ಡ ಬಂತು!”

“ಹಾಗಾದ್ರೆ ಈ ಮುಗ್ಗಲು ಅಕ್ಕಿ?” ಸುಂದರಿ ಕೇಳಿದಳು. “ಅದೂ ಆ ರೈತರು ಕೊಟ್ಟದ್ದಾ?”

“ಅಲ್ರಿ. ಅವರ ಸಂಘದ ಅಧ್ಯಕ್ಷ ನಿತಾಯ್ ಮಂಡಲ್ ಮೊನ್ನೆ ಹೌರಾದಾಗ ಭೆಟ್ಟಿ ಆಗಿದ್ದ. ಎರಡು ತಿಂಗಳಿಂದ ಅವರ ಅಕ್ಕಿ ತಗೊಂಡಿಲ್ಲ ರವಿರಾಜ. ಯಾವನೋ ವ್ಯಾಪಾರಿ ಹಳೇ ಅಕ್ಕಿ ತಂದು ನಿಮಗ ಹಂಚ್ಯಾನ. ನೀವು ‘ಅಕ್ಕಿ ಕೆಟ್ಟೈತಿ’ ಅಂತೀರಿ, ಅವ ‘ಹಂಗಾರ ಗೋದಾಮು ಯಾಕ ಬೇಕು’ ಅಂತಾನ.”

ಸುಂದರಿ ಸೌಟು ಕುಕ್ಕಿದಳು. “ನಾಳೆ ಹೋಟೆಲ್ ಬಂದ್.”

“ಹುಚ್ಚಾ ನಿಂಗೆ? ಈ ಸೆಕೆಗೆ ಹಿಟ್ಟು ಹುಳಿ ಬರ್ತದೆ!”

“ಹಿಟ್ಟು ಹುಳಿ ಬಂದ್ರೆ ಊತಪ್ಪ ಮಾಡುವ. ಸಂಘ ಹುಳಿ ಬಂದ್ರೆ ಎಂತ ಮಾಡ್ತೀರಿ?”

“ನಮ್ಮ ಒಂದು ಕೈಯಿಂದ ಎಂತ ಆಗ್ತದೆ?”

“ಒಂದಲ್ಲ, ಎರಡು. ಸಂಘ ಮಾಡುವಾಗ ಹೆಸರು ಸಾಲದು ಅಂತ ನನ್ನ ಹೆಸರೂ ಸೇರಿಸಿದ್ದು ನೆನಪುಂಟಾ? ಎಲ್ಲಾ ಹೋಟೆಲಿನವ್ರೂ ಹೆಂಡ್ತಿ ಹೆಸರು ಸೇರಿಸಿದ್ದಾರೆ.”

“ಒಬ್ಬರಿಗೆ ಒಂದ ಮತ, ಅಕ್ಕಾರ,” ಎಂದರು ಅಣ್ಣಪ್ಪ. “ಎಷ್ಟ ಷೇರು ಇರಲಿ, ಒಂದ ಕೈ. ರವಿರಾಜಂದೂ ಒಂದ, ನಿಮ್ಮದೂ ಒಂದ.”

ಕಿಟ್ಟ ಒಪ್ಪಲಿಲ್ಲ. ಆದರೆ ಸುಂದರಿ ಅವನ ಮೊಬೈಲ್ ಕಿತ್ತುಕೊಂಡು, ಲೇಕ್ ಮಾರ್ಕೆಟ್ಟಿನ ವಿಜೇತಾಳಿಂದ ಕಾಳಿಘಾಟ್‌ನ ರುಕ್ಮಿಣಿಯಕ್ಕನವರೆಗೆ ಗೊತ್ತಿದ್ದ ಅಡುಗೆಮನೆಗಳಿಗೆಲ್ಲ ಫೋನ್ ಮಾಡಿದಳು. ಎಲ್ಲಾ ಮನೆಯಲ್ಲೂ ಇಡ್ಲಿ ಕಲ್ಲಾಗಿತ್ತು. ಎಲ್ಲಾ ಮನೆಗೂ ರಸಗುಲ್ಲ ಬಂದಿತ್ತು.

ಭಾನುವಾರ ಬೆಳಿಗ್ಗೆ ಕಿಟ್ಟ ಹಟದಿಂದ ಹೋಟೆಲ್ ತೆರೆದ. ಸುಂದರಿ ಅವನ ಕಡೆ ತಿರುಗಿಯೂ ನೋಡದೆ ಕಸ್ಬಾಕ್ಕೆ ಆಟೋ ಹತ್ತಿದಳು. ಗೋದಾಮಿನ ಮೇಲಿನ ಕೋಣೆಯಲ್ಲಿ ರವಿರಾಜ ಬೆಂಬಲಿಗರೊಡನೆ ಕೂತು ಗಡಿಯಾರ ನೋಡುತ್ತಿದ್ದ. ಒಬ್ಬೊಬ್ಬರಾಗಿ ಹೆಂಗಸರು ಮೆಟ್ಟಿಲು ಹತ್ತಿ ಬರತೊಡಗಿದಾಗ ಎದ್ದು ನಿಂತ.

“ಅಯ್ಯೋ ಸುಂದರಿಯಕ್ಕ, ನೀವೆಲ್ಲ ಯಾಕೆ ಕಷ್ಟ ತಗೊಂಡ್ರಿ?”

ಸುಂದರಿ ರಸಗುಲ್ಲದ ಮಡಕೆಯನ್ನು ಅವನ ಮೇಜಿನ ಮೇಲೆ ಇಟ್ಟಳು. “ಇದನ್ನು ಕೊಡ್ಲಿಕ್ಕೆ. ನಮ್ಮ ಮನೆಯಲ್ಲಿ ಯಾರೂ ತಿನ್ನುದಿಲ್ಲ.”

ಒಂಬತ್ತಕ್ಕೇ ಕೋರಂ ಆಯಿತು. ಅಣ್ಣಪ್ಪನವರ ಜೊತೆ ಬಂದು ಮೂಲೆಯಲ್ಲಿ ಕೂತಿದ್ದ ನಿತಾಯ್ ಮಂಡಲ್ ಎದ್ದು ಹಿಂದಿಯಲ್ಲಿ ಒಂದೇ ಮಾತು ಕೇಳಿದ: ಈ ಗೋದಾಮು ಹೋದರೆ ನಮ್ಮ ಅಕ್ಕಿ ಎಲ್ಲಿ ಇಳಿಸಲಿ, ಮತ್ತೆ ಆ ದಲಾಲಿಯ ಬುಟ್ಟಿಗೆ ಸುರಿಯಲೇ? ರವಿರಾಜ ಅವಸರದಿಂದ ಠರಾವು ಓದಿದ. ವಿರೋಧ ಇರುವವರು ಕೈ ಎತ್ತಿ ಎಂದಾಗ ಬಳೆಗಳ ಸದ್ದು ಕೋಣೆ ತುಂಬಿತು.

ರವಿರಾಜ ನಕ್ಕ. “ಹೆಂಗಸರದ್ದು ಹೆಸರಿಗೆ ಮಾತ್ರ ಸದಸ್ಯತ್ವ. ಅದನ್ನು ಲೆಕ್ಕಕ್ಕೆ ತಗೊಳ್ಳುವುದು ಬೇಡ.”

“ಯಾಕೆ ಬೇಡ?”

ಬಾಗಿಲಲ್ಲಿ ಕಿಟ್ಟ ನಿಂತಿದ್ದ. ಕೈಯಲ್ಲಿ ಹಿಟ್ಟು ಇನ್ನೂ ಒಣಗಿರಲಿಲ್ಲ. ಹೋಟೆಲಿನಲ್ಲಿ ಮೊದಲ ಗಿರಾಕಿಯೇ ಇಡ್ಲಿ ತಟ್ಟೆಯನ್ನು ದೂಡಿ, “ದಾದಾ, ಇದನ್ನು ನಿಮ್ಮ ಮಕ್ಕಳಿಗೆ ಕೊಡ್ತೀರಾ?” ಎಂದು ಕೇಳಿ ಎದ್ದು ಹೋಗಿದ್ದ. ಕಿಟ್ಟ ಒಲೆ ಆರಿಸಿ, ಶಟರ್ ಎಳೆದು ಓಡಿ ಬಂದಿದ್ದ.

“ಹೆಸರು ಬರೆಸುವಾಗ ಬೇಕಿತ್ತು, ಕೈ ಎತ್ತುವಾಗ ಬೇಡ್ವಾ?” ಎನ್ನುತ್ತ ಮೇಜಿನ ಬಳಿ ಬಂದ. “ನೀನು ನಮ್ಮವ ಅಂತ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡೆ. ನೀನು ನನ್ನ ಹೆಸರು ಕೆಡಿಸಿದೆಯಲ್ಲ ಮಾರಾಯ! ಲೆಕ್ಕ ಮಾಡು. ಹೆಂಗಸರದ್ದೂ ಮಾಡು, ನನ್ನದೂ ಮಾಡು,” ಎಂದು ಹಿಟ್ಟಿನ ಕೈ ಎತ್ತಿದ.

ಠರಾವು ಬಿತ್ತು. ಮರುವಾರ ಬರ್ಧಮಾನ್‌ನ ಅಕ್ಕಿ ಕಸ್ಬಾದಲ್ಲಿ ಇಳಿಯಿತು. ಈಗ ಕಿಟ್ಟನ ಶಟರಿನ ಮೇಲೆ ಒಂದು ಬೋರ್ಡು ಇದೆ: ‘ಸಂಘದ ಮಹಾಸಭೆಯ ದಿನ ದೋಸೆ ಮಧ್ಯಾಹ್ನದ ಮೇಲೆ.’ ಗಿರಾಕಿಗಳು ಗೊಣಗುತ್ತಾರೆ, ಮಧ್ಯಾಹ್ನ ಬಂದು ತಿನ್ನುತ್ತಾರೆ.

ಆದರೂ ನನ್ನ ಸಿಟ್ಟು ಇಳಿದಿಲ್ಲ. ರವಿರಾಜನಂಥವರು ಎಲ್ಲ ಊರಲ್ಲೂ ಇರುತ್ತಾರೆ, ಕಳ್ಳನಿಗೆ ಕದಿಯುವುದೇ ಕೆಲಸ. ಬಾಗಿಲು ತೆರೆದಿಟ್ಟು ಮಲಗುವವರ ಮೇಲೆ ನನಗೆ ಸಿಟ್ಟು. ನೀವು ಯಾವ ಸಂಘದ ಸದಸ್ಯರು? ಹಾಲಿನದೋ, ಅಕ್ಕಿಯದೋ, ಉಳಿತಾಯದ್ದೋ? ಅದರ ಮಹಾಸಭೆ ಯಾವತ್ತು? ಗೊತ್ತಿಲ್ಲವೇ? ಹಾಗಾದರೆ ಈ ಹಾಳೆಯನ್ನು ಪಕ್ಕದ ಮನೆಯವರಿಗೆ ಕೊಟ್ಟು, ಈಗಲೇ ಎದ್ದು ಕೇಳಿಕೊಂಡು ಬನ್ನಿ. ಆ ದಿನ ಒಲೆ ಆರಿಸಿ. ಹೆಂಡತಿಯ ಹೆಸರಿದ್ದರೆ ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಅವರು ಸಭೆ ಶುರು ಮಾಡುವ ಮೊದಲು ನೀವು ಕುರ್ಚಿಯಲ್ಲಿ ಕೂತಿರಬೇಕು.