ಅತ್ತೆ ಕೊಟ್ಟ ಹಳದಿ ಮಾತ್ರೆ

ಒಂದು ವರ್ಷ ಫಿಟ್ಸ್ ಬಾರದಿದ್ದರೆ ಜ್ಞಾನಭಾರತಿಗೆ ಎಂ.ಎ. ಓದಲು ಕಳಿಸುತ್ತೇನೆಂದು ಅಪ್ಪ ಒಪ್ಪಿದ್ದರು. ಹನ್ನೊಂದು ತಿಂಗಳು ಬರಲಿಲ್ಲ. ೧೯೭೬ರ ಜುಲೈನಲ್ಲಿ, ಅಡ್ಮಿಷನ್‌ಗೆ ಇನ್ನೊಂದು ವಾರವಿರುವಾಗ, ರಾಜಾಜಿನಗರದ ನಮ್ಮ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಬಿದ್ದೆ. ಎಚ್ಚರವಾದಾಗ ಬಾಯಲ್ಲಿ ರಕ್ತದ ರುಚಿ, ಮೈಮೇಲೆ ಅಪ್ಪನ ಒದ್ದೆ ಪಂಚೆ.

ಮಾರನೆಯ ದಿನ ಡಾಕ್ಟರ್ ಪಂಚಾಕ್ಷರಿಯವರ ಎದುರು ಕೂತೆವು. ಬೇರೆ ಔಷಧಿ ಏನಾದರೂ ನಡೆಯುತ್ತಿದೆಯೇ ಎಂದು ಕೇಳಿದರು. ಅಮ್ಮ ಇಲ್ಲವೆಂದರು. ಅವರ ಮಟ್ಟಿಗೆ ಅದು ಸುಳ್ಳಲ್ಲ. ಕಾಯಿಲೆಗೆ ಕೊಡುವುದು ಔಷಧಿ, ಶಕ್ತಿಗೆ ಕೊಡುವುದು ಊಟದ ಜೊತೆಯದು.

ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿರುವ ಸೋದರತ್ತೆ ನೀಲಮ್ಮ, ನಾನು ಬಿಳಿಚಿಕೊಂಡಿದ್ದೇನೆಂದು ಎರಡು ತಿಂಗಳ ಹಿಂದೆ ರಕ್ತ ಹೆಚ್ಚಿಸುವ ಹಳದಿ ಮಾತ್ರೆ ತಂದುಕೊಟ್ಟಿದ್ದರು. ನನಗೆ ಫಿಟ್ಸ್ ಇರುವುದು ಅವರಿಗೆ ಗೊತ್ತಿರಲಿಲ್ಲ. ಮದುವೆಗೆ ಅಡ್ಡಿಯಾಗುತ್ತದೆಂದು ಅಮ್ಮ ನೆಂಟರಿಗೆಲ್ಲ ಮುಚ್ಚಿಟ್ಟಿದ್ದರು. ಮಾತ್ರೆ ಶುರುಮಾಡಿದ ದಿನವನ್ನು ನಾನು ಡೈರಿಯಲ್ಲಿ ಬರೆದಿದ್ದೆ, ಡಾಕ್ಟರಿಗೆ ಮಾತ್ರ ಹೇಳಿರಲಿಲ್ಲ.

ಈ ವರ್ಷ ಓದು ಬೇಡ ಎಂದು ಅಪ್ಪ ಡಾಕ್ಟರಿಗೆ ಹೇಳತೊಡಗಿದಾಗ ಸುಮ್ಮನಿರಲಾಗಲಿಲ್ಲ.

"ಸಾರ್, ಅತ್ತೆ ಕೊಟ್ಟ ಫೋಲಿಕ್ ಆಸಿಡ್ ದಿನಾ ತಗೊಳ್ತಾ ಇದೀನಿ."

ಅಮ್ಮ ನನ್ನ ಕಡೆ ನೋಡಲಿಲ್ಲ. ಡಾಕ್ಟರ್ ಪೆನ್ನು ಕೆಳಗಿಟ್ಟರು. ಕೆಲವರಲ್ಲಿ ಅದು ಫಿಟ್ಸ್ ಮಾತ್ರೆಯ ಬಲ ತಗ್ಗಿಸಬಹುದಂತೆ. ಹಾಗೆಂದು ಇದರಿಂದಲೇ ಬಂತೆಂದು ಹೇಳಲಾಗದಂತೆ. ರಕ್ತ ಪರೀಕ್ಷೆಯಾಗುವವರೆಗೆ ಹಳದಿ ಮಾತ್ರೆ ಬೇಡ, ಫಿಟ್ಸ್ ಮಾತ್ರೆ ಮಾತ್ರ ಒಂದು ಹೊತ್ತೂ ತಪ್ಪಕೂಡದು ಎಂದರು. ಆಮೇಲೆ ಅಮ್ಮನಿಗೆ, "ನೀವು ಹೇಳ್ದೇ ಇದ್ರೆ ನಾನೇನು ಕವಡೆ ಹಾಕಿ ನೋಡ್ಲಾ ತಾಯಿ? ಓದೋಕೆ ಹೋಗ್ಲಿ. ಸುತ್ತ ಇರೋರಿಗೆ ವಿಷಯ ಗೊತ್ತಿರ್ಲಿ, ಅಷ್ಟೇ" ಎಂದರು.

ಸಂಜೆ ಮಹಾಲಕ್ಷ್ಮಿ ಲೇಔಟಿನ ಅತ್ತೆಯ ಮನೆಗೆ ಹೋದೆವು. ಫಿಟ್ಸ್ ಇರುವುದನ್ನೂ ಮಾತ್ರೆಯ ಬಗ್ಗೆ ಡಾಕ್ಟರ್ ಹೇಳಿದ್ದನ್ನೂ ನಾನೇ ಹೇಳಿದೆ.

"ಮಗೂಗೆ ನನ್ನ ಕೈಯಾರೆ ಕೊಟ್ನಲ್ಲ ಅತ್ತಿಗೆ. ನನ್ನ ಹತ್ರಾನೂ ಮುಚ್ಚಿಟ್ರಾ?" ಎಂದರು ಅತ್ತೆ.

ಅದರಿಂದಲೇ ಬಂತೆಂದು ಡಾಕ್ಟರ್ ಹೇಳಿಲ್ಲವೆಂದು ಎರಡು ಸಲ ಹೇಳಿದೆ. ಅತ್ತೆ ಕಣ್ಣೊರೆಸಿಕೊಂಡು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಡ್ಬೇಕೇನೇ?"

"ಬೇಡ ಅತ್ತೆ. ಒಂದು ಮಗ್ಗುಲಿಗೆ ಹೊರಳ್ಸಿ. ಬಾಯಿಗೆ ಏನೂ ಹಾಕ್ಬೇಡಿ."

ಎಷ್ಟು ಹೊತ್ತಿರುತ್ತದೆ, ಯಾವಾಗ ಆಸ್ಪತ್ರೆಗೆ ಒಯ್ಯಬೇಕು ಎಂದೆಲ್ಲ ಕೇಳಿದರು. ಗೊತ್ತಿದ್ದಷ್ಟು ಹೇಳುತ್ತಾ ಹೋದೆ. ಅಪ್ಪ ಬಾಗಿಲ ಬಳಿಯೇ ನಿಂತು ಕೇಳಿಸಿಕೊಳ್ಳುತ್ತಿದ್ದರು.

"ಇದನ್ನೇ ಅಲ್ಲಿ ಜೊತೆಗೆ ಓದೋರಿಗೂ ಹೇಳ್ತೀಯಾ?" ಎಂದರು.

ನಾಚಿಕೆಯಿಂದ ಮುಖ ಬಿಸಿಯಾಯಿತು. ಹೇಳುತ್ತೇನೆಂದೆ.

ಅಡ್ಮಿಷನ್‌ಗೆ ಎಷ್ಟು ಗಂಟೆಗೆ ಹೋಗಬೇಕೆಂದು ಅಪ್ಪ ಕೇಳಿದರು.